ಮೈದುಂಬುವಿಕೆಯೂ ಕರ್ತೃತ್ವವೂ

ಚಿಕ್ಕೋಡಿ, ರಾಯಬಾಗ, ಅಥಣಿ ಹಾಗೂ ಇತ್ತೀಚೆಗೆ ಪ್ರತ್ಯೇಕ ತಾಲ್ಲೂಕುಗಳಾದ ನಿಪ್ಪಾಣಿ, ಕಾಗವಾಡಗಳ ಜನರಿಗೆ ‘ದೇವರು ಮೈಮೇಲೆ ಬರುವುದು’ ಅಪರಿಚಿತವಲ್ಲ. ರಾಯಬಾಗ ತಾಲ್ಲೂಕಿನ ಚಿಂಚಲಿಯಲ್ಲಿ ಭಾರತ ಹುಣ್ಣಿಮೆಯ ಸಮಯದ ಮಾಯಕ್ಕನ ಜಾತ್ರೆಗೆ ಕನ್ನಡಿಗರೂ ಮರಾಠಿಗರೂ ನೆರೆಯುತ್ತಾರೆ. ಭಂಡಾರ ಹಾರುತ್ತದೆ, ವಾದ್ಯ ಮೊಳಗುತ್ತದೆ, ಕೆಲವರು ಮೈದುಂಬುತ್ತಾರೆ. ಮನಶ್ಶಾಸ್ತ್ರಜ್ಞರು ಈ ಸ್ಥಿತಿಯನ್ನು ಚಿತ್ತವಿಘಟನೆಯ ವರ್ಗಕ್ಕೆ ಸೇರಿಸುವರು. ಆಗ ಮನುಷ್ಯನ ಕಾರ್ಯನಿರ್ವಾಹಕ ಶಕ್ತಿ, ಎಂದರೆ ಗಮನವನ್ನು ನಿಲ್ಲಿಸುವ, ಆವೇಗವನ್ನು ತಡೆಯುವ, ಮುಂದಿನ ಹೆಜ್ಜೆಯನ್ನು ಯೋಜಿಸುವ ಸಾಮರ್ಥ್ಯ, ಏನಾಗುತ್ತದೆ? ಇತಿಹಾಸಕಾರರಿಗೆ ಈ ಪ್ರಶ್ನೆ ಏತಕ್ಕೆಂದು ಓದುಗರು ಕೇಳಬಹುದು.

ಅಥಣಿ ತಾಲ್ಲೂಕಿನ ಕೊಕಟನೂರು ಎಲ್ಲಮ್ಮನ ಕ್ಷೇತ್ರ. ಎಲ್ಲಮ್ಮನ ಸಂಪ್ರದಾಯದಲ್ಲಿ ಬಾಲೆಯ ತಲೆಯಲ್ಲಿ ಜಡೆ ಮೂಡಿದುದನ್ನೂ ಅವಳು ಮೈದುಂಬಿದುದನ್ನೂ ದೇವಿಯ ಕರೆಯೆಂದು ಬಗೆದು, ಮುತ್ತು ಕಟ್ಟಿ ದೇವದಾಸಿಯಾಗಿಸಿದ್ದುಂಟು. ಬಡತನವೂ ಗಂಡುಸಂತಾನವಿಲ್ಲದ ಮನೆಯ ಲೆಕ್ಕಾಚಾರವೂ ಅದರ ಹಿಂದಿದ್ದವು. ನಿರ್ಧಾರ ಹಿರಿಯರದು, ಹೆಸರು ದೇವಿಯದು. ಸಮರ್ಪಣೆಯನ್ನು 1934ರ ಮುಂಬಯಿ ಕಾಯಿದೆ ನಿಷೇಧಿಸಿತು. (ರಾಯಬಾಗವು 1949ರವರೆಗೆ ಕೊಲ್ಹಾಪುರ ಸಂಸ್ಥಾನದಲ್ಲಿದ್ದುದರಿಂದ ಆ ಶಾಸನ ಅಲ್ಲಿಗೆ ತಟ್ಟುತ್ತಿರಲಿಲ್ಲ.) 1982ರ ಕರ್ನಾಟಕದ ಕಾಯಿದೆಯಂತೂ ಅವಳ ಸಮ್ಮತಿಯಿರಲಿ, ಇಲ್ಲದಿರಲಿ, ಸಮರ್ಪಣೆ ಅಕ್ರಮವೆಂದು ಸಾರಿತು. ಈ ‘ಸಮ್ಮತಿ’ ಎಂಬ ಮಾತೇ ನಮ್ಮನ್ನು ಮನಶ್ಶಾಸ್ತ್ರದತ್ತ ಒಯ್ಯುತ್ತದೆ.

ಫ್ರಾನ್ಸಿನ ಪಿಯೆರ್ ಜಾನೆ 1889ರಲ್ಲಿ, ಮನಸ್ಸಿನ ಸಂಯೋಜಕ ಬಲ ಕುಂದುವುದೇ ವಿಘಟನೆಗೆ ಕಾರಣವೆಂದು ವಾದಿಸಿದನು. ಅಮೆರಿಕದ ಅರ್ನೆಸ್ಟ್ ಹಿಲ್ಗಾರ್ಡ್ 1977ರಲ್ಲಿ ಸಂಮೋಹನದ ಪ್ರಯೋಗಗಳನ್ನು ಆಧರಿಸಿ ಬೇರೆ ಮಾತನ್ನಾಡಿದನು: ನಿಯಂತ್ರಣ ಅಳಿಯುವುದಿಲ್ಲ, ವಿಭಜನೆ ಹೊಂದುತ್ತದೆ, ಅದರ ಒಂದು ಭಾಗ ಅರಿವಿಗೆ ಮರೆಯಾಗಿ ದುಡಿಯುತ್ತದೆ. ಜಾತ್ರೆಯ ಮಟ್ಟಿಗೆ ಹಿಲ್ಗಾರ್ಡನ ಮಾತೇ ನಮಗೆ ಹೆಚ್ಚು ಒಪ್ಪುತ್ತದೆ. ಮೈದುಂಬಿದವಳು ವಾದ್ಯದ ಗತಿಗೆ ಹೆಜ್ಜೆ ಹಾಕುತ್ತಾಳೆ, ಕೇಳಿದ ಪ್ರಶ್ನೆಗೆ ತಕ್ಕ ಹೇಳಿಕೆ ಕೊಡುತ್ತಾಳೆ, ಬಳಿಕ ನೆನಪಿಲ್ಲವೆನ್ನುತ್ತಾಳೆ. ಆವೇಶ ಏರುವ, ಇಳಿಯುವ ಹೊತ್ತನ್ನು ವಾದ್ಯ, ಪೂಜಾರಿ, ಸುತ್ತಣ ಜನ ನಡೆಸಿಕೊಡುವರು. ಅಂತರಂಗದ ಆಡಳಿತದ ಒಂದು ಪಾಲು ಹೀಗೆ ಸಮುದಾಯದ ಕೈಗೆ ಹೋಗುತ್ತದೆ. ಇದನ್ನು ರೋಗವೆನ್ನುವುದು ಅವಸರವಾದೀತು. ವಿಶ್ವ ಆರೋಗ್ಯ ಸಂಸ್ಥೆಯ, 2022ರಿಂದ ಜಾರಿಯಲ್ಲಿರುವ ರೋಗವರ್ಗೀಕರಣವೂ ಸಮಾಜಸಮ್ಮತ ಧಾರ್ಮಿಕ ಆಚರಣೆಯ ಅಂಗವಾದ ಆವೇಶವನ್ನು ರೋಗವೆಂದು ಎಣಿಸುವುದಿಲ್ಲ.

ಆದರೆ ರೋಗವಲ್ಲದ್ದೆಲ್ಲ ಸಮ್ಮತಿಯಾಗದು. ಕೈಗೆ ಬಂದ ಪಾಲನ್ನು ಸಮುದಾಯ ಹೇಗೆ ಬಳಸಿತೆಂಬುದು ಬೇರೆಯೇ ಸಂಗತಿ. ಚಿಂಚಲಿಯಲ್ಲಿ ಮೈದುಂಬಿದವಳು ಸಂಜೆಗೆ ತನ್ನ ಗಾಡಿಯೇರಿ ಊರಿಗೆ ಮರಳಬಲ್ಲಳು. ಮುತ್ತು ಕಟ್ಟಿಸಿಕೊಂಡ ಬಾಲೆಗೆ ಆ ಮರಳುವಿಕೆ ಇರಲಿಲ್ಲ. ಆದ್ದರಿಂದ ಸಮರ್ಪಣೆಯ ದಾಖಲೆಗಳನ್ನು ಓದುವ ವಿದ್ಯಾರ್ಥಿಯು, ಬಾಲೆ ಏನು ನುಡಿದಳೆಂಬುದಕ್ಕಿಂತ ಮೊದಲು, ಪ್ರಶ್ನೆ ಕೇಳಿದವರಾರು, ಅರ್ಥ ಹೇಳಿದವರಾರು, ಆ ದಿನ ಅವಳ ವಯಸ್ಸೆಷ್ಟು ಎಂಬುದನ್ನು ಗುರುತಿಸಿಕೊಳ್ಳಬೇಕು.