ಸೆರೆಬಿದ್ದ ಯುವರಾಜ ತಾನೇ ಮರಳಿದ

ಪದವಿ ಓದುವ ಮಗನ ಬಸ್ ಪಾಸಿನ ಅರ್ಜಿಯನ್ನು ಅಪ್ಪ ತುಂಬುತ್ತಾನೆ. ಮಗಳ ಹಾಸ್ಟೆಲ್ ಜಗಳ ಬಿಡಿಸಲು ಅಮ್ಮ ಬಾಗಲಕೋಟೆಗೆ ಬಸ್ಸು ಹತ್ತುತ್ತಾಳೆ. ಈ ನೆರವು ಎಲ್ಲಿಗೆ ನಿಲ್ಲಬೇಕು ಎಂಬ ಮಾತು ಬಂದಾಗ ಪಟ್ಟದಕಲ್ಲಿನ ಸಂಗಮೇಶ್ವರ ಗುಡಿ ನೆನಪಾಗುತ್ತದೆ.

ಅದನ್ನು ಕಟ್ಟಿಸಿದವನು ಬಾದಾಮಿ ಚಾಲುಕ್ಯರ ವಿಜಯಾದಿತ್ಯ (ಕ್ರಿ.ಶ. 696-733). ಆಗ ಗುಡಿಯ ಹೆಸರು ವಿಜಯೇಶ್ವರ. ಯುವರಾಜನಾಗಿದ್ದಾಗ ಈತ ತಂದೆ ವಿನಯಾದಿತ್ಯನ ಉತ್ತರದ ದಂಡಯಾತ್ರೆಯಲ್ಲಿ ತಂದೆಯ ಮುಂದೆಯೇ ಕಾದಿದ. ಶತ್ರುಗಳು ಸೋತು ಓಡಿದರು. ಆದರೆ ಓಡುವವರೇ ಇವನನ್ನು ಹಿಡಿದೊಯ್ದರು! ತಂದೆಯ ದಂಡು ಬಂದು ಬಿಡಿಸಿತೆಂದು ತಾಮ್ರಶಾಸನಗಳು ಹೇಳುವುದಿಲ್ಲ. ವತ್ಸರಾಜ ಉದಯನನಂತೆ, ಪರರ ನೆರವಿಗೆ ಕಾಯದೆ ಸೆರೆಯಿಂದ ಹೊರಬಂದು, ನಾಡಿನಲ್ಲೆದ್ದ ಅರಾಜಕತೆಯನ್ನು ಅಡಗಿಸಿದನೆಂದು ಹೊಗಳುತ್ತವೆ. ಆಸ್ಥಾನದ ಹೊಗಳಿಕೆಗೆ ಉಪ್ಪು-ಖಾರ ಹೆಚ್ಚು, ನಿಜ. ಆದರೂ ಸೆರೆಸಿಕ್ಕ ಅವಮಾನವನ್ನು ಮುಚ್ಚಿಡದೆ ಬರೆಸಿದರಲ್ಲ!

ಹಾಗೆಂದು ವಿನಯಾದಿತ್ಯ ಮಗನ ಕೈಬಿಟ್ಟವನಲ್ಲ. ಯುವರಾಜ ಪಟ್ಟ ಕಟ್ಟಿ ದಂಡಿನ ಜೊತೆ ಕರೆದೊಯ್ದವನು ಅವನೇ.

ಅತಿ ನೆರವಿನ ಕಥೆಯೂ ಇದೇ ಮನೆತನದಲ್ಲಿದೆ. ಅಣ್ಣನ ಮಗ ಇಮ್ಮಡಿ ಪುಲಕೇಶಿಗೆ ಸಲ್ಲಬೇಕಾದ ಪಟ್ಟವನ್ನು ತನ್ನ ಮಗನಿಗೆ ದಕ್ಕಿಸಲು ಹೋದ ಮಂಗಳೇಶ, 609-10ರ ಸುಮಾರಿಗೆ ರಾಜ್ಯದೊಂದಿಗೆ ಪ್ರಾಣವನ್ನೂ ಕಳೆದುಕೊಂಡ. ಐಹೊಳೆಯ 634ರ ಶಾಸನದಲ್ಲಿ ಇದು ದಾಖಲಾಗಿದೆ.

ವಿಜಯಾದಿತ್ಯನ ಗುಡಿಯ ಮಂಟಪ ಪೂರ್ತಿಯಾಗಲಿಲ್ಲ. ಮಗ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ. ಆ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ ಅದೇ ಆವರಣದ ತೆಂಕಣಕ್ಕೆ ಕಟ್ಟಿಸಿದ್ದು ವಿರೂಪಾಕ್ಷ ಗುಡಿ.