ಕಣ್ಣಿನ ನೆಗೆತ

ಎಮಿಲ್ ಜವಾಲ್ ಎಂಬ ಫ್ರೆಂಚ್ ತರುಣ ಮೊದಲು ಓದಿದ್ದು ಗಣಿ ಎಂಜಿನಿಯರಿಂಗ್. ಅವನನ್ನು ಕಣ್ಣಿನ ವೈದ್ಯದತ್ತ ಎಳೆದದ್ದು ಒಡಹುಟ್ಟಿದ ಸೋಫಿಯ ಮಾಲುಗಣ್ಣು. ತಂದೆಗೂ ಅದೇ ತೊಂದರೆಯಿತ್ತು. ಕತ್ತರಿ ಹಾಕುವುದೊಂದೇ ದಾರಿ ಎಂದು ವೈದ್ಯರು ನಂಬಿದ್ದ ಕಾಲದಲ್ಲಿ ಅವನು ಅವಳನ್ನು ಸ್ಟೀರಿಯೋಸ್ಕೋಪಿನ ಮುಂದೆ ಕೂರಿಸಿ, ಎರಡೂ ಕಣ್ಣು ಒಟ್ಟಿಗೆ ನೋಡುವುದನ್ನು ತಾಳ್ಮೆಯಿಂದ ಅಭ್ಯಾಸ ಮಾಡಿಸಿದ. ಮನೆಯ ಹೆಣ್ಣುಮಗಳೊಬ್ಬಳ ಸಂಕಟದಿಂದ ಹೀಗೆ ಒಂದು ಶಾಸ್ತ್ರಕ್ಕೆ ದಾರಿಯಾಯಿತು.

ಓದುವಾಗ ಕಣ್ಣು ಸಾಲಿನ ಮೇಲೆ ನೀರಿನಂತೆ ಹರಿಯುತ್ತದೆ ಎಂದೇ ನಾವೆಲ್ಲ ಭಾವಿಸುತ್ತೇವೆ. ಹಾಗಲ್ಲ, ಅದು ಮಿಡತೆಯಂತೆ ನೆಗೆನೆಗೆದು ಹೋಗುತ್ತದೆ ಎಂದು 1879ರಲ್ಲಿ ಜವಾಲ್ ಬರೆದ. ಆ ನೆಗೆತಕ್ಕೆ ಫ್ರೆಂಚಿನಲ್ಲಿ ‘ಸಕಾಡ್’ ಎಂದು ಹೆಸರು. ಅದೇ ವರ್ಷ ಪ್ರಾಗ್ ನಗರದಲ್ಲಿ ಎವಾಲ್ಡ್ ಹೆರಿಂಗ್ ರೆಪ್ಪೆಯ ಮೇಲೆ ರಬ್ಬರ್ ಕೊಳವೆಯಿಟ್ಟು, ಕಣ್ಣಿನ ಸ್ನಾಯುಗಳ ಸದ್ದನ್ನು ಕೇಳಿಯೇ ಈ ನೆಗೆತಗಳನ್ನು ಗುರುತಿಸಿದ. ಎಚ್ಚರವಿದ್ದಾಗ ನಮ್ಮ ಕಣ್ಣು ಸೆಕೆಂಡಿಗೆ ಸುಮಾರು 3 ಸಲ, ದಿನಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸಲ ನೆಗೆಯುತ್ತದೆ. ಕಾರಣ ಸರಳ. ಅಕ್ಷಿಪಟದ ನಡುವಿನ ಒಂದು ಪುಟ್ಟ ಚುಕ್ಕೆಗೆ ಮಾತ್ರ ಸ್ಪಷ್ಟವಾದ ನೋಟ. ಬೇಕಾದದ್ದರ ಮೇಲೆ ಆ ಚುಕ್ಕೆಯನ್ನು ಹಾಯಿಸುತ್ತಲೇ ಇರಬೇಕು.

ಕನ್ನಡಿಯ ಮುಂದೆ ನಿಂತು ಎಡಗಣ್ಣನ್ನೊಮ್ಮೆ, ಬಲಗಣ್ಣನ್ನೊಮ್ಮೆ ನೋಡಿಕೊಳ್ಳಿ. ಕಣ್ಣು ಆಡುವುದು ನಿಮಗೆ ಕಾಣುವುದೇ ಇಲ್ಲ. ಪಕ್ಕದಲ್ಲಿ ನಿಂತ ಮಗಳಿಗೆ ಕಾಣುತ್ತದೆ! ನೆಗೆಯುವಾಗಿನ ಕಲಸುಮೇಲೋಗರವನ್ನು ಮಿದುಳು ನಮ್ಮಿಂದ ಮರೆಮಾಚುತ್ತದೆ. ಇದನ್ನು 1898ರಷ್ಟು ಹಿಂದೆಯೇ ಎರ್ಡ್‌ಮನ್ ಮತ್ತು ಡಾಜ್ ಎಂಬಿಬ್ಬರು ಗಮನಿಸಿದ್ದರು.

1999ರಲ್ಲಿ ಇಂಗ್ಲೆಂಡಿನ ಮೈಕೆಲ್ ಲ್ಯಾಂಡ್ ಮತ್ತು ಜೊತೆಗಾರರು ಜನ ಟೀ ಮಾಡುವಾಗ ಅವರ ಕಣ್ಣುಗಳನ್ನು ಹಿಂಬಾಲಿಸಿದರು. ಕೈ ಪಾತ್ರೆಯನ್ನು ಮುಟ್ಟುವ ಮುಂಚೆಯೇ ಕಣ್ಣು ಅಲ್ಲಿಗೆ ಹೋಗಿರುತ್ತಿತ್ತು. ಕೆಲಸಕ್ಕೆ ಬೇಡದ ಕಡೆ ಅದು ಹೊರಳುತ್ತಿದ್ದುದೇ ಅಪರೂಪ. ಒಲೆಯ ಮುಂದಿನ ಕೆಲಸಕ್ಕೆ ತಲೆ ಬೇಡ ಎನ್ನುವವರಿಗೆ ಇದನ್ನು ಹೇಳಬೇಕು.

ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಈ ಕೆಲಸ ನಡೆದಿದೆ. ನೋಡಬೇಕಾದ ಗುರಿ ಥಟ್ಟನೆ ಬದಲಾದಾಗ ಹೊರಟ ನೋಟವನ್ನು ಮಿದುಳು ಹೇಗೆ ತಡೆದು ತಿರುಗಿಸುತ್ತದೆ ಎಂಬುದನ್ನು ಆದಿತ್ಯ ಮೂರ್ತಿಯವರು ಅಭ್ಯಾಸ ಮಾಡಿದ್ದಾರೆ. ಎಸ್. ಪಿ. ಅರುಣ್ ಅವರ ತಂಡ ತೆಲುಗು ಮತ್ತು ಮಲಯಾಳಂ ಓದುಗರನ್ನು ಪರೀಕ್ಷಿಸಿ 2019ರಲ್ಲಿ ಒಂದು ವಿಷಯ ತಿಳಿಸಿತು. ಲಿಪಿ ಬಲ್ಲವರ ನೋಟದಲ್ಲಿ ಪಕ್ಕಪಕ್ಕದ ಅಕ್ಷರಗಳು ಒಂದನ್ನೊಂದು ಕಲಕುವುದು ಕಡಿಮೆ. ಪದದೊಳಗಿನ ಒಂದೊಂದು ಅಕ್ಷರವೂ ಬಿಡಿಯಾಗಿ ತಿಳಿಯುತ್ತದೆ. ಅಂದರೆ ಓದು ಕಲಿತರೆ ನೋಟವೇ ಬದಲಾಗುತ್ತದೆ.

ನೋಟವೂ ಕಲಿಯಬೇಕಾದ ವಿದ್ಯೆ ಎಂಬ ಈ ಮಾತೇ ನನ್ನನ್ನು ಚಿಂತೆಗೆ ಹಚ್ಚುವುದು. ನಮ್ಮ ಹರವೆಯ ಕಡೆ ಮಗುವಿಗೆ ಮಾಲುಗಣ್ಣಿದ್ದರೆ “ಅದೃಷ್ಟ ಕಣವ್ವ, ಬುಡು” ಎನ್ನುವ ಅಜ್ಜಿಯರುಂಟು. ಅದೃಷ್ಟವಲ್ಲ. ಎರಡು ಕಣ್ಣು ಎರಡು ದಿಕ್ಕಿಗೆ ನೋಡಿದರೆ ಮಿದುಳು ಒಂದರ ಮಾತನ್ನು ಕೇಳುವುದನ್ನೇ ಬಿಡುತ್ತದೆ. ಕಣ್ಣು ನೆಟ್ಟಗಿದ್ದರೂ ದೃಷ್ಟಿ ಮಂಕಾಗುತ್ತದೆ. ಎಳೆಯ ಬೆಕ್ಕಿನ ಮರಿಯ ಒಂದು ಕಣ್ಣನ್ನು ಮುಚ್ಚಿಟ್ಟರೆ ಮಿದುಳು ಆ ಕಣ್ಣಿಗೆ ಕಿವುಡಾಗುತ್ತದೆ, ದೊಡ್ಡ ಬೆಕ್ಕಿನಲ್ಲಿ ಹಾಗಾಗುವುದಿಲ್ಲ ಎಂದು 1960ರ ದಶಕದಲ್ಲಿ ಹ್ಯೂಬೆಲ್ ಮತ್ತು ವೀಸೆಲ್ ತೋರಿಸಿದರು. ದೃಷ್ಟಿಯ ಕುರಿತ ಸಂಶೋಧನೆಗಾಗಿ 1981ರಲ್ಲಿ ಅವರಿಗೆ ನೊಬೆಲ್ ಬಂತು. ಮನುಷ್ಯರ ಮಕ್ಕಳಲ್ಲಿಯೂ ಏಳೆಂಟು ವರ್ಷದೊಳಗೆ ಸರಿಪಡಿಸುವುದು ಸುಲಭ, ಆಮೇಲೆ ಕಷ್ಟ.

ಹುಟ್ಟಿದ ಮೊದಲ ಮೂರು ನಾಲ್ಕು ತಿಂಗಳು ಕೂಸಿನ ಕಣ್ಣು ಆಗೀಗ ಓಲಾಡುವುದು ಸಹಜ. ಅದಾದ ಮೇಲೂ ಮಾಲು ನಿಂತರೆ ಕಣ್ಣಿನ ಡಾಕ್ಟರರಿಗೆ ತೋರಿಸಬೇಕು. ಎಷ್ಟೋ ಮಕ್ಕಳಿಗೆ ಕನ್ನಡಕ, ಒಳ್ಳೆಯ ಕಣ್ಣಿಗೆ ಕೆಲವು ಗಂಟೆ ಪಟ್ಟಿ, ಇಷ್ಟರಲ್ಲೇ ಗುಣ ಕಾಣುತ್ತದೆ. ಹೆಣ್ಣುಮಗುವಿಗೆ ಕನ್ನಡಕ ಹಾಕಿಸಿದರೆ ನಾಳೆ ಗಂಡು ಸಿಕ್ಕೀತೇ ಎಂದು ಹಿಂಜರಿಯುವ ತಾಯಂದಿರು ಇಂದಿಗೂ ಇದ್ದಾರೆ. ಆ ಹಿಂಜರಿಕೆಯಲ್ಲಿ ವರ್ಷಗಳು ಉರುಳಿದರೆ ಕಳೆದುಹೋಗುವುದು ಮಗಳ ಒಂದು ಕಣ್ಣಿನ ಬೆಳಕು.