ದೋರಸಮುದ್ರದ ಅರಮನೆ ಎಲ್ಲಿ?

ಹತ್ತನೇ ತರಗತಿಯ ಪ್ರವಾಸದಲ್ಲಿ ಹಳೇಬೀಡಿಗೆ ಹೋದೆವು. ಹೊಯ್ಸಳೇಶ್ವರ ದೇವಾಲಯ ನೋಡಿ ಕಣ್ಣು ತುಂಬಿತು. ಆಮೇಲೆ ಮೇಷ್ಟ್ರು ಬೆಣ್ಣೆಗುಡ್ಡದ ಕಡೆ ಕೈ ತೋರಿಸಿ, "ಅರಮನೆ ಇದ್ದದ್ದು ಅಲ್ಲಿ" ಎಂದರು. ಕಂಡದ್ದು ಮಣ್ಣಿನ ದಿಬ್ಬ, ಚದುರಿದ ಕಲ್ಲು, ಮೇಯುವ ದನ. ಕೆಮ್ಮಣ್ಣುಗುಂಡಿಯ ಚಳಿಯಲ್ಲಿ ನಸುಕಿಗೇ ಎದ್ದು ಬಂದದ್ದು ಇದಕ್ಕೋ ಎನಿಸಿತು.

1311ರಲ್ಲಿ ಮಲಿಕ್ ಕಾಫರನ ದಂಡು ಇಲ್ಲಿಗೆ ಬಂತು; ಮುಂದೆ ತುಘಲಕನ ಸೈನ್ಯವೂ ಬಂತು. ಆದರೆ ಅರಮನೆ ಅಳಿಯಲು ದಾಳಿಯೊಂದೇ ಕಾರಣ ಎನ್ನಲಾರೆ. ಹಂಪಿಯಲ್ಲೂ ಅರಮನೆಗಳ ಕಲ್ಲಿನ ಜಗತಿ ಉಳಿದಿದೆ, ಮರದ ಮೇಲ್ಕಟ್ಟಡ ಉಳಿದಿಲ್ಲ. ದೇವರಿಗೆ ಕಲ್ಲು, ದೊರೆಗೆ ಮರ!

ದೋರಸಮುದ್ರದಿಂದ ಆಳಿದ ಇಮ್ಮಡಿ ವೀರಬಲ್ಲಾಳನ ಕಾಲವನ್ನು ಕಾಣಬೇಕಾದರೆ ನಮ್ಮ ತರೀಕೆರೆ ಪಕ್ಕದ ಅಮೃತಾಪುರಕ್ಕೇ ಹೋಗಬೇಕು. ಅವನ ದಂಡನಾಯಕ ಅಮೃತ 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯ ಇಂದಿಗೂ ನಿಂತಿದೆ. ಅಲ್ಲಿನ ಶಾಸನ ರಚಿಸಿದವನು ಜನ್ನ, 'ಯಶೋಧರ ಚರಿತೆ'ಯ ಕವಿ. ಗುಡ್ಡ ಇಳಿದು ಆ ಕಡೆ ಹೋದಾಗಲೆಲ್ಲ ಆ ಅಂಗಳದಲ್ಲಿ ಓಡಾಡಿದವರೇ ನಾವು. ಅದು ಯಾರ ಮಾತೆಂದು ತಿಳಿದದ್ದು ಮರಳುವ ಬಸ್ಸಿನಲ್ಲಿ, ಮೇಷ್ಟ್ರು ಹೇಳಿದಾಗ. ಮುಂದಿನ ಭಾನುವಾರ ಐದು ಮಂದಿ ಹೋಗಿ ಶಾಸನದ ಮುಂದೆ ಕೂತೆವು. ಸಂಜೆಯವರೆಗೆ ಗುರುತು ಸಿಕ್ಕಿದ್ದು ಮೂರೇ ಅಕ್ಷರ.